ಷರತ್ತು ಬದಲಾಗಿದೆ, ದಯವಿಟ್ಟು ಉತ್ತರಿಸಬೇಡಿ

‘ನಿಮ್ಮ ಖಾಸಗಿತನ ನಮಗೆ ಬಹಳ ಮುಖ್ಯ’ ಅಂತ ಯಾರಾದರೂ ತಾವಾಗಿಯೇ ಬಂದು ಹೇಳಿದರೆ ಮೊದಲು ಜೇಬು ಮುಟ್ಟಿ ನೋಡಿಕೊಳ್ಳಬೇಕು. ಕೇಳದೆ ಅಷ್ಟು ಪ್ರೀತಿ ತೋರಿಸುವವರು ನಮ್ಮ ಶಾಂತಿಗ್ರಾಮದಲ್ಲಿ ಇದುವರೆಗೆ ಎರಡೇ ಜಾತಿ: ಚುನಾವಣೆಗೆ ನಿಂತವರು ಮತ್ತು ಇನ್ಶೂರೆನ್ಸ್ ಮಾಡಿಸುವವರು. ಈಚೆಗೆ ಮೂರನೆಯ ಜಾತಿಯೊಂದು ಸೇರಿಕೊಂಡಿದೆ. ಇವರು ಮನೆಗೆ ಬರುವುದಿಲ್ಲ, ಕೂರುವುದಿಲ್ಲ, ಕಾಫಿ ಕೇಳುವುದಿಲ್ಲ. ನಾವೆಲ್ಲ ಮಲಗಿದ ಮೇಲೆ ಈಮೇಲಿನಲ್ಲಿ ಬಂದು, ‘ನಮ್ಮ ಬಳಕೆಯ ಷರತ್ತುಗಳನ್ನು ಪರಿಷ್ಕರಿಸಿದ್ದೇವೆ’ ಎಂದು ಹೇಳಿ ಹೋಗಿಬಿಡುತ್ತಾರೆ.

ಆ ಪತ್ರದ ಧಾಟಿಯನ್ನು ನೀವೂ ನೋಡಿರುತ್ತೀರಿ. ‘ನಿಮಗೆ ಇನ್ನೂ ಉತ್ತಮ ಅನುಭವ ನೀಡುವ ಸಲುವಾಗಿ’ ಎಂದು ಶುರು. ಅನುಭವ ಸಾಲದು ಎಂದು ನಾವೇನು ಅರ್ಜಿ ಗುಜರಾಯಿಸಿದ್ದೆವಾ? ಐವತ್ತು ದಾಟಿದವರಿಗೆ ಅನುಭವಕ್ಕೆ ಕೊರತೆಯೇ? ಅದು ಹೋಗಲಿ. ಕೆಳಗೆ ಬನ್ನಿ. ‘ಮುಂದಿನ ತಿಂಗಳ ಒಂದನೇ ತಾರೀಖಿನ ನಂತರವೂ ನೀವು ಸೇವೆಯನ್ನು ಬಳಸಿದಲ್ಲಿ ಹೊಸ ಷರತ್ತುಗಳನ್ನು ಒಪ್ಪಿದ್ದೀರೆಂದು ಭಾವಿಸಲಾಗುವುದು.’ ಅದಕ್ಕೂ ಕೆಳಗೆ, ಕನ್ನಡಕ ಒರೆಸಿ ಓದಬೇಕಾದಷ್ಟು ಸಣ್ಣಗೆ: ‘ಇದು ತಾನಾಗಿಯೇ ರವಾನೆಯಾದ ಸಂದೇಶ. ದಯವಿಟ್ಟು ಉತ್ತರಿಸಬೇಡಿ.’

ಮೌನಂ ಸಮ್ಮತಿ ಲಕ್ಷಣಂ ಅಂತ ಹೆಣ್ಣು ನೋಡುವ ಶಾಸ್ತ್ರದಲ್ಲಿ ಹಿರಿಯರು ಹೇಳಿ ಎಷ್ಟೋ ಹುಡುಗಿಯರ ಬಾಯಿ ಕಟ್ಟಿಹಾಕಿದ್ದರು. ಈಗಿನ ಹುಡುಗಿಯರು ಆ ಮಾತಿಗೆ ಸೊಪ್ಪು ಹಾಕುವುದಿಲ್ಲ. ಕಂಪನಿಗಳ ವಕೀಲರು ಮಾತ್ರ ಅದನ್ನು ಜೋಪಾನವಾಗಿ ಎತ್ತಿಟ್ಟುಕೊಂಡಿದ್ದಾರೆ. ಅಷ್ಟೇ ಅಲ್ಲ, ಒಂದು ಹೆಜ್ಜೆ ಮುಂದೆ ಹೋಗಿ, ಬಾಯಿ ತೆರೆಯುವ ದಾರಿಯನ್ನೇ ಮುಚ್ಚಿ ಆಮೇಲೆ ‘ನೋಡಿ, ಅವರು ಏನೂ ಹೇಳಲಿಲ್ಲ’ ಅನ್ನುತ್ತಾರೆ.

ಈ ಮೇಲುಗಳನ್ನು ಶಾಂತಿಗ್ರಾಮದಲ್ಲಿ ಒಬ್ಬರು ಬಿಟ್ಟು ಉಳಿದವರೆಲ್ಲ ಓದದೆ ಅಳಿಸುತ್ತಾರೆ. ಆ ಒಬ್ಬರು ನಮ್ಮ ಬೀದಿಯ ಮೇಷ್ಟ್ರು. ಪ್ರೌಢಶಾಲೆಯಲ್ಲಿ ಪತ್ರಲೇಖನ ಕಲಿಸಿ ಕಲಿಸಿ ರಿಟೈರಾದವರು. ‘ಬಂದ ಕಾಗದಕ್ಕೆ ಉತ್ತರ ಬರೆಯದವನು ಊಟಕ್ಕೆ ಕರೆದರೆ ಕೈ ತೊಳೆಯದೆ ಕೂರುವವನು’ ಅನ್ನುವುದು ಅವರ ಸಿದ್ಧಾಂತ. ಮಗಳು ಪರದೇಶದಲ್ಲಿ, ಮೊಮ್ಮಗನ ಫೋಟೋಗಳನ್ನೆಲ್ಲ ಒಂದು ಕಂಪನಿಯ ಖಾತೆಯಲ್ಲಿ ಇಟ್ಟಿದ್ದಾರೆ. ಆ ಕಂಪನಿಯಿಂದ ಷರತ್ತಿನ ಮೇಲ್ ಬಂದದ್ದೇ, ಮೇಷ್ಟ್ರು ಫೋನ್ ಹಿಡಿದುಕೊಂಡು ನನ್ನ ಜೆರಾಕ್ಸ್ ಅಂಗಡಿಗೆ ಬಂದರು. “ಇದನ್ನ ಪೂರ್ತಿ ಪ್ರಿಂಟ್ ತೆಗಿಯಪ್ಪ.” ತೆಗೆದೆ. ನಲವತ್ತು ಪುಟದ ಮೇಲೆ ಹೋಯಿತು. ಪುಟಕ್ಕೆ ಎರಡು ರೂಪಾಯಿ. ಅಲ್ಲಿಗೆ ಈ ಕಂಪನಿಗಳ ಮೇಲೆ ನನಗೆ ವೈಯಕ್ತಿಕವಾಗಿ ಯಾವ ದ್ವೇಷವೂ ಇಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಮಾರನೇ ದಿನ ಉತ್ತರ ಸಿದ್ಧವಾಗಿತ್ತು. ಬಿಳಿ ಹಾಳೆ, ಎಡಗಡೆ ಮಾರ್ಜಿನ್, ಮೇಲೆ ‘ಶ್ರೀ’. ನಾನು ಟೈಪ್ ಮಾಡಿಕೊಟ್ಟೆ:

“ಮಾನ್ಯರೇ, ತಮ್ಮ ಕಳೆದ ಶನಿವಾರದ ಈಮೇಲ್ ತಲುಪಿತು. ಇಲ್ಲಿ ನಾವೆಲ್ಲರೂ ಕ್ಷೇಮ. ತಾವು ಷರತ್ತುಗಳನ್ನು ಬದಲಾಯಿಸಿರುವ ವಿಚಾರ ತಿಳಿದು ಆಶ್ಚರ್ಯವಾಯಿತು, ಏಕೆಂದರೆ ಹಳೆಯ ಷರತ್ತುಗಳೇ ನನಗೆ ತಿಳಿದಿರಲಿಲ್ಲ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಬರೆದು, ಬದಲಾದ ಕಡೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕಳಿಸಿಕೊಟ್ಟಲ್ಲಿ ಓದಿ ಅಭಿಪ್ರಾಯ ತಿಳಿಸುತ್ತೇನೆ. ಅಲ್ಲಿಯವರೆಗೆ ಹಳೆಯ ಷರತ್ತುಗಳೇ ಮುಂದುವರಿಯತಕ್ಕದ್ದು. ಇಂತಿ ತಮ್ಮ ವಿಶ್ವಾಸಿ.”

ಕಳಿಸಿದ ಅರೆಗಳಿಗೆಯಲ್ಲಿ ವಾಪಸ್ ಬಂತು. ವಿಳಾಸಕ್ಕೆ ತಲುಪಿಸಲಾಗಲಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಪ್ಯಾರಾ. ಮೇಷ್ಟ್ರು ಕನ್ನಡಕ ಹಣೆಗೇರಿಸಿ ಕೇಳಿದರು: “ಅಲ್ಲಯ್ಯ, ಮೊನ್ನೆ ತಾನೇ ಇದೇ ವಿಳಾಸದಿಂದ ನನಗೆ ಕಾಗದ ಬಂತಲ್ಲ? ಬರೆಯೋಕೆ ಇದ್ದವನು ಓದೋಕೆ ಎಲ್ಲಿಗೆ ಹೋದ?”

ನನ್ನ ಹತ್ತಿರ ಉತ್ತರವಿರಲಿಲ್ಲ. ಪಕ್ಕದಲ್ಲಿ ಆಧಾರ್ ಜೆರಾಕ್ಸಿಗೆ ನಿಂತಿದ್ದ ಹುಡುಗ ಹೇಳಿದ: “ಅದು ನೋ ರಿಪ್ಲೈ ಐಡಿ ಸಾರ್. ಅವರು ಹೇಳಾದು ಮಾತ್ರ. ಕೇಳಾಕಿಲ್ಲ.” ಮೇಷ್ಟ್ರು ಮೂವತ್ತು ವರ್ಷ ತರಗತಿಯಲ್ಲಿ ಮಾಡಿದ್ದೂ ಅದನ್ನೇ. ಆದರೆ ಅದನ್ನು ಅವರ ಎದುರಿಗೆ ಹೇಳುವ ಧೈರ್ಯ ಯಾರಿಗಿದೆ?

ಶನಿವಾರ ಸಂಜೆ ಮೇಷ್ಟ್ರು ಗುಡಿಯ ಜಗಲಿಯಲ್ಲಿ ಗಮಕ ವಾಚನ ಮಾಡುವುದು ಬಹಳ ಕಾಲದ ರೂಢಿ. ಆ ಶನಿವಾರ ಮಹಾಭಾರತದ ಬದಲು ಷರತ್ತಿನ ಕಟ್ಟು ಬಂತು. “ಓದದೆ ಒಪ್ಪಬಾರದು ಅಂತ ನಾನೇ ಪಾಠ ಮಾಡಿದ್ದೀನಿ. ಇವತ್ತು ಎಲ್ಲರೂ ಕೇಳ್ರಿ” ಅಂದವರೇ, ತಾವೇ ಕನ್ನಡಕ್ಕೆ ತಿರುಗಿಸಿಕೊಂಡದ್ದನ್ನು ನಾಟ ರಾಗದಲ್ಲಿ ಎತ್ತಿಕೊಂಡರು. ಮೊದಲ ಅಧ್ಯಾಯ, ಪಾತ್ರ ಪರಿಚಯ. ‘ನಾವು’ ಎಂದರೆ ಕಂಪನಿ, ಅದರ ಮಾತೃಸಂಸ್ಥೆ, ಅಂಗಸಂಸ್ಥೆ, ಸಹಸಂಸ್ಥೆ, ಪಾಲುದಾರರು, ಏಜೆಂಟರು, ವಾರಸುದಾರರು. ‘ನೀವು’ ಎಂದರೆ ನೀವು. ಇಡೀ ಕೌರವ ಸೇನೆಯ ಎದುರು ಒಬ್ಬನೇ ಉತ್ತರಕುಮಾರ ನಿಂತಂತಾಯಿತು, ಸಾರಥಿಯೂ ಇಲ್ಲ.

‘ಹೊಣೆಗಾರಿಕೆಯ ಮಿತಿ’ ಎಂಬ ಭಾಗ ಬಂದಾಗ ರಾಗ ಮುಖಾರಿಗೆ ಇಳಿಯಿತು. ನಿಮ್ಮ ಫೋಟೋ ಕಳೆದುಹೋದರೆ ನಾವು ಹೊಣೆಯಲ್ಲ. ನಮ್ಮಿಂದಲೇ ಕಳೆದುಹೋದರೂ ಹೊಣೆಯಲ್ಲ. ಕಳೆದುಹೋಗಬಹುದು ಎಂದು ನಮಗೆ ಮೊದಲೇ ಗೊತ್ತಿದ್ದರೂ ಹೊಣೆಯಲ್ಲ. ಮೇಷ್ಟ್ರ ಗಂಟಲು ಎಷ್ಟು ಆರ್ದ್ರವಾಯಿತೆಂದರೆ ಮುಂದೆ ಕೂತಿದ್ದ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡು, “ಯಾರ ಮಗಂದು ಕಣಪ್ಪ ಕಳೆದೋಗಿದ್ದು?” ಅಂತ ಕೇಳಿದರು. ವ್ಯಾಜ್ಯ ಬಂದರೆ ಕ್ಯಾಲಿಫೋರ್ನಿಯಾದ ಕೌಂಟಿಯೊಂದರ ಕೋರ್ಟಿನಲ್ಲೇ ತೀರ್ಮಾನ ಎಂಬ ಸಾಲಿಗೆ ಹಿಂದಿನಿಂದ ಒಂದು ದನಿ: “ಹಾಸನದ ಕೋರ್ಟಲ್ಲಿ ಜಮೀನಿನ ಕೇಸು ನಮ್ಮಪ್ಪನ ಕಾಲದಿಂದ ನಡೀತದೆ. ಅಲ್ಲಾದ್ರೂ ಬೇಗ ಆಯ್ತದಾ ಕೇಳಿ ಮೇಷ್ಟ್ರೇ.” ಹದಿಮೂರನೆಯ ಕಲಮಿನ ಹೊತ್ತಿಗೆ ಜಗಲಿಯಲ್ಲಿ ಉಳಿದದ್ದು ಮೇಷ್ಟ್ರು, ನಾನು ಮತ್ತು ಗುಡಿಯೊಳಗಿನ ನರಸಿಂಹ. ನರಸಿಂಹನಿಗೆ ಎದ್ದು ಹೋಗುವ ಅನುಕೂಲವಿರಲಿಲ್ಲ.

ನಗಬೇಡಿ. ಇದನ್ನು ದೇಶದೇಶಗಳೇ ಮಾಡಿವೆ. ನಾರ್ವೆಯ ಗ್ರಾಹಕ ಮಂಡಳಿಯವರು 2016ರಲ್ಲಿ ಸಾಮಾನ್ಯ ಪ್ರಜೆಯೊಬ್ಬನ ಫೋನಿನಲ್ಲಿ ಇರುವಷ್ಟು ಆಪ್‌ಗಳ ಷರತ್ತುಗಳನ್ನು ಗಟ್ಟಿಯಾಗಿ ಓದಿಸಿ ನೇರಪ್ರಸಾರ ಮಾಡಿದರು. ಮೂವತ್ತು ಗಂಟೆ ಮೀರಿತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕಿಯರು 2008ರಲ್ಲೇ ಲೆಕ್ಕ ಹಾಕಿದ್ದರು: ಒಬ್ಬ ವ್ಯಕ್ತಿ ವರ್ಷದಲ್ಲಿ ತಾನು ನೋಡುವ ವೆಬ್‌ಸೈಟುಗಳ ಖಾಸಗಿತನದ ನೀತಿಗಳನ್ನಷ್ಟೇ ಓದುತ್ತೇನೆಂದು ಕೂತರೆ ಸುಮಾರು 201 ಗಂಟೆ ಬೇಕು. ದಿನಕ್ಕೆ ಎಂಟು ಗಂಟೆ ಕೂಲಿಯಂತೆ ಹಿಡಿದರೆ ಇಪ್ಪತ್ತೈದು ಆಳಿನ ಕೆಲಸ. ಅಷ್ಟು ಆಳು ಸಿಕ್ಕಿದ್ದರೆ ಆಲೂಗಡ್ಡೆ ಕೀಳಿಸಿಬಿಡಬಹುದಿತ್ತು.

ಓದದವರ ಗತಿ ಏನು? ಬ್ರಿಟನ್ನಿನಲ್ಲಿ ಗೇಮ್‌ಸ್ಟೇಷನ್ ಎಂಬ ವಿಡಿಯೋ ಗೇಮ್ ಅಂಗಡಿಯವರು 2010ರ ಏಪ್ರಿಲ್ ಒಂದರಂದು ತಮ್ಮ ಷರತ್ತಿನ ನಡುವೆ ಒಂದು ಕಲಮು ತೂರಿಸಿದರು: ಖರೀದಿಸುವವರು ತಮ್ಮ ಅಮರ ಆತ್ಮವನ್ನು ಕಂಪನಿಗೆ ಬಿಟ್ಟುಕೊಡತಕ್ಕದ್ದು. ಸುಮಾರು ಏಳೂವರೆ ಸಾವಿರ ಜನ ಒಪ್ಪಿ ಆತ್ಮ ಕೊಟ್ಟು ಆಟದ ಸಾಮಾನು ಕೊಂಡರು. ಬೇಡ ಎಂದು ಗುರುತು ಹಾಕಿದವರಿಗೆ ಐದು ಪೌಂಡಿನ ಕೂಪನ್ ಇತ್ತು. ಅಂದರೆ ಓದಿದ್ದರೆ ಆತ್ಮವೂ ಉಳಿಯುತ್ತಿತ್ತು, ಲಾಭವೂ ಆಗುತ್ತಿತ್ತು. 2017ರಲ್ಲಿ ಮ್ಯಾಂಚೆಸ್ಟರಿನ ಕಂಪನಿಯೊಂದರ ಪುಕ್ಕಟೆ ವೈಫೈ ಆಸೆಗೆ 22,000 ಜನ ಕಕ್ಕಸು ತೊಳೆಯುವುದು, ಬಸವನಹುಳದ ಚಿಪ್ಪಿಗೆ ಬಣ್ಣ ಬಳಿಯುವುದು ಮುಂತಾದ ಸಮಾಜಸೇವೆಗೆ ಒಪ್ಪಿಗೆ ಕೊಟ್ಟರು. ಆ ಕಲಮನ್ನು ಗುರುತಿಸಿದ್ದು ಒಬ್ಬರೇ ಒಬ್ಬರು. ಅವರೂ ಬಹುಶಃ ರಿಟೈರ್ಡ್ ಮೇಷ್ಟ್ರೇ ಇರಬೇಕು.

ನಮ್ಮವರು ಅಷ್ಟು ದಡ್ಡರಲ್ಲ. ಓದುವುದಿಲ್ಲ ನಿಜ, ಆದರೆ ಉತ್ತರ ಕೊಡುತ್ತಾರೆ. ಹೇಗೆ? ಫಾರ್ವರ್ಡ್ ಮಾಡಿ. ‘ನನ್ನ ಫೋಟೋ, ಮಾಹಿತಿ ಬಳಸಲು ಫೇಸ್‌ಬುಕ್ಕಿಗೆ ನಾನು ಅನುಮತಿ ಕೊಡುವುದಿಲ್ಲ. ಇದನ್ನು ನಿಮ್ಮ ಗೋಡೆಯ ಮೇಲೆ ಹಾಕಿಕೊಳ್ಳಿ, ಇಲ್ಲದಿದ್ದರೆ ಒಪ್ಪಿದಂತೆ’ ಎಂಬ ಘೋಷಣೆ 2012ರಿಂದ ಪ್ರಪಂಚ ಸುತ್ತುತ್ತಿದೆ. ಅದು ಸುತ್ತಿ ಸುತ್ತಿ ನಮ್ಮ ಹೋಬಳಿಯ ಕುಟುಂಬದ ಗುಂಪುಗಳಿಗೂ ಬಂದು ಸೇರಿದೆ. ಅದರಲ್ಲಿ ಗತ್ತಿಗೆಂದು ‘ರೋಮ್ ಶಾಸನ’ದ ಹೆಸರು ಬೇರೆ. ಆ ರೋಮ್ ಶಾಸನ ಅಂದರೆ ನರಮೇಧ, ಯುದ್ಧಾಪರಾಧಗಳ ವಿಚಾರಣೆ ಮಾಡುವ ಅಂತರರಾಷ್ಟ್ರೀಯ ನ್ಯಾಯಾಲಯವನ್ನು ಹುಟ್ಟುಹಾಕಿದ 1998ರ ಒಪ್ಪಂದ. ಭಾರತ ಅದಕ್ಕೆ ಸಹಿಯನ್ನೇ ಹಾಕಿಲ್ಲ. ಹೋದ ವರ್ಷದ ಬೀಗರೂಟದ ಫೋಟೋ ಕಾಯಲು ನರಮೇಧದ ಕಾನೂನು! ಊಟಕ್ಕೆ ಬಲಿಯಾದ ಕುರಿಗಳ ಕಡೆಯಿಂದ ಯಾರಾದರೂ ಹಾಕಿದ್ದರೆ ಸ್ವಲ್ಪ ಅರ್ಥವಿರುತ್ತಿತ್ತು.

ಇನ್ನೊಂದು, ವಾಟ್ಸ್‌ಆ್ಯಪ್ಪಿನ ಮೂರು ಟಿಕ್ಕಿನ ಪುರಾಣ. ಎರಡು ನೀಲಿ ಒಂದು ಕೆಂಪು ಟಿಕ್ ಬಂದರೆ ಸರ್ಕಾರ ಕ್ರಮ ತೆಗೆದುಕೊಳ್ಳಬಹುದು, ಮೂರೂ ಕೆಂಪಾದರೆ ಕೋರ್ಟ್ ಸಮನ್ಸ್ ಎಂದು. ಸುಳ್ಳು ಅಂತ ಸರ್ಕಾರವೇ ಹೇಳಿತು. ಆದರೂ ನಮ್ಮ ಭಾವನೆಂಟನೊಬ್ಬ ಕಳಿಸಿದ ಪ್ರತಿ ಗುಡ್ ಮಾರ್ನಿಂಗಿನ ಕೆಳಗೆ ಕೆಂಪು ಹುಡುಕುತ್ತಾ ಕೂರುತ್ತಿದ್ದ. ಷರತ್ತು ಬದಲಾದ ನಿಜವಾದ ಮೇಲನ್ನು ಓದುವುದಕ್ಕೆ ಮಾತ್ರ ಅವನಿಗೆ ಪುರುಸೊತ್ತಿಲ್ಲ.

ಒಮ್ಮೆ ಮಾತ್ರ ಊರಿಗೆ ಊರೇ ಎಚ್ಚರವಾಗಿತ್ತು. 2021ರ ಜನವರಿಯ ಮೊದಲ ವಾರ ವಾಟ್ಸ್‌ಆ್ಯಪ್ ಪರದೆಯ ಮೇಲೇ ನೋಟಿಸ್ ಅಂಟಿಸಿತು: ಹೊಸ ನೀತಿ ಒಪ್ಪಿ, ಫೆಬ್ರವರಿ 8 ಕೊನೆಯ ದಿನ. ಅದರಲ್ಲಿ ‘ಆಮೇಲೆ’ ಅನ್ನುವ ಗುಂಡಿ ಒತ್ತುವುದರಲ್ಲಿ ನಮ್ಮವರು ತೋರಿಸಿದ ಪರಿಣತಿ ಅಷ್ಟಿಷ್ಟಲ್ಲ. ಕೆಲವರು ಸಿಗ್ನಲ್ಲಿಗೆ ಹೋದರು, ಕೆಲವರು ಟೆಲಿಗ್ರಾಮಿಗೆ. ಹೋದವರು ಅಲ್ಲಿ ಯಾರೂ ಇಲ್ಲದ್ದು ನೋಡಿ, ‘ನಾನು ಸಿಗ್ನಲ್ಲಿನಲ್ಲಿದ್ದೇನೆ’ ಎಂದು ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದರು. ಗಲಾಟೆ ನೋಡಿ ಕಂಪನಿ ಗಡುವನ್ನು ಮೇ 15ಕ್ಕೆ ತಳ್ಳಿತು. ಆಮೇಲೆ, ಒಪ್ಪದಿದ್ದರೂ ಖಾತೆ ತೆಗೆಯುವುದಿಲ್ಲ ಅಂದಿತು. 2024ರ ನವೆಂಬರ್ 18ರಂದು ಭಾರತದ ಸ್ಪರ್ಧಾ ಆಯೋಗ, ‘ಒಪ್ಪು ಇಲ್ಲವೇ ಬಿಡು’ ಎಂಬ ಆ ರೀತಿಯೇ ತಪ್ಪು ಎಂದು ವಾಟ್ಸ್‌ಆ್ಯಪ್ಪಿನ ಒಡೆಯ ಮೆಟಾ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ವಿಚಾರ ಮೇಲ್ಮನವಿಗೂ ಹೋಯಿತು. ದಂಡದ ದುಡ್ಡು ನಮಗೆ ಬರುವುದಿಲ್ಲ ಬಿಡಿ. ಆದರೆ ಕೋಟಿಗಟ್ಟಲೆ ಜನ ಒಟ್ಟಿಗೆ ‘ಆಮೇಲೆ’ ಅಂದರೆ ಅದೂ ಒಂದು ಉತ್ತರವೇ ಅಂತ ಆಗ ಗೊತ್ತಾಯಿತು.

ಹಾಗೆ ನೋಡಿದರೆ ಬದಲಾಗುವ ಷರತ್ತು ನಮ್ಮೂರಿಗೆ ಹೊಸದೇನಲ್ಲ. ರಾಷ್ಟ್ರೀಯ ಹೆದ್ದಾರಿ 75 ನಮ್ಮ ಪಕ್ಕದಲ್ಲೇ ಹಾದು ಹೋಗುತ್ತದೆ. ಟೋಲಿಗೆ ನಮ್ಮೂರಿನದೇ ಹೆಸರು. ಹೊಯ್ಸಳರ ರಾಣಿ ಶಾಂತಲೆಯ ಹೆಸರಿನಿಂದ ಬಂದ ಊರು ಅಂತ ನಾವು ಹೆಮ್ಮೆ ಪಡುತ್ತೇವೆ. ಬೆಂಗಳೂರಿಂದ ಮಂಗಳೂರಿಗೆ ಹೋಗುವವರಿಗೆ ಶಾಂತಿಗ್ರಾಮ ಅಂದರೆ ಬ್ಯಾಲೆನ್ಸ್ ಕಡಿಮೆಯಾಯಿತು ಎಂಬ ಮೆಸೇಜು. ಸಾಮಾನ್ಯವಾಗಿ ಏಪ್ರಿಲ್ ಒಂದಕ್ಕೆ ದರ ಬದಲು. 2021ರ ಫೆಬ್ರವರಿ 15ರ ನಡುರಾತ್ರಿಯಿಂದ ಫಾಸ್ಟ್ಯಾಗ್ ಕಡ್ಡಾಯ, ಇಲ್ಲದವರಿಗೆ ದುಪ್ಪಟ್ಟು. 2025ರ ಆಗಸ್ಟ್ 15ರಿಂದ ಸ್ವಂತ ಕಾರಿನವರಿಗೆ 200 ಸಲದ ವಾರ್ಷಿಕ ಪಾಸು, ಆಗಿನ ಬೆಲೆ 3,000 ರೂಪಾಯಿ. ಅದೇ ವರ್ಷ ನವೆಂಬರ್ 15ರಿಂದ ಟ್ಯಾಗ್ ಇಲ್ಲದವನು ಯುಪಿಐನಲ್ಲಿ ಕಟ್ಟಿದರೆ ದುಪ್ಪಟ್ಟಿನ ಬದಲು ಒಂದೂಕಾಲು ಪಟ್ಟು. ಇಷ್ಟೂ ಷರತ್ತು ನಮ್ಮೂರ ಡ್ರೈವರುಗಳಿಗೆ ಬಾಯಿಪಾಠ. ಯಾಕೆ? ಟೋಲಿನಲ್ಲಿ ಬೋರ್ಡಿದೆ, ಗಾಜಿನ ಹಿಂದೆ ಒಬ್ಬ ಹುಡುಗ ಇದ್ದಾನೆ, ಅವನನ್ನು ಬೈಯಬಹುದು. “ನನ್ನ ಬೈದ್ರೆ ಏನ್ ಬಂತು ಅಣ್ಣ, ನಾನೂ ಇದೇ ಊರೋನು” ಅನ್ನುತ್ತಾನೆ. ಅಷ್ಟು ಸಾಕು. ಮನುಷ್ಯನೊಬ್ಬ ಎದುರಿಗಿದ್ದು ತಲೆ ತಗ್ಗಿಸಿದರೆ ಅರ್ಧ ಹಣ ವಾಪಸ್ ಬಂದ ಹಾಗೆ. ಆದರೆ ಅದೇ ಟ್ಯಾಗಿನ ಷರತ್ತು ಬದಲಾಗಿದೆ ಅಂತ ಬ್ಯಾಂಕಿನ ಮೇಲ್ ಬಂದಾಗ ಬೈಯಲು ಗಾಜೂ ಇಲ್ಲ, ಹುಡುಗನೂ ಇಲ್ಲ.

ಮೇಷ್ಟ್ರಿಗೆ ಇದೇ ಕೊರಗು. “ಷರತ್ತು ಅಂದ್ರೆ ಎರಡೂ ಕಡೆಯವರು ಕೂತು ಬರೆಯೋದು ಕಣಯ್ಯ. ಬೆಳಗೊಳದಲ್ಲಿ ನೋಡಿದೀಯಾ?” ಅಂದರು. ಗೊಮ್ಮಟನ್ನ ನೋಡಿದೀನಿ ಅಂದೆ. “ಎಲ್ಲಾರೂ ಅವನ್ನೇ ನೋಡ್ತಾರೆ. ಭಂಡಾರಿ ಬಸದಿಗೆ ಹೋಗು.”

ಹೋದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಆ ಭಂಡಾರಿ ಬಸದಿಯಲ್ಲಿ 1368ರ ಒಂದು ಶಾಸನವಿದೆ, ವಿಜಯನಗರದ ಬುಕ್ಕರಾಯನ ಕಾಲದ್ದು. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಿದ್ದಿತ್ತು. ತಮಗೆ ಅನ್ಯಾಯವಾಗಿದೆ ಅಂತ ಜೈನರು ರಾಜನಿಗೆ ದೂರು ಕೊಟ್ಟರು. ಬುಕ್ಕ ಏನು ಮಾಡಿದ? ನಡುರಾತ್ರಿ ಓಲೆ ಕಳಿಸಿ ‘ನೀತಿ ಪರಿಷ್ಕರಿಸಿದ್ದೇವೆ’ ಅನ್ನಲಿಲ್ಲ. ಎರಡೂ ಕಡೆಯವರನ್ನು ಕರೆಸಿ, ಜೈನರ ಕೈ ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟ. ಎರಡು ಮತಕ್ಕೂ ಭೇದವಿಲ್ಲ, ಒಬ್ಬರ ಹಾನಿಯನ್ನು ಇನ್ನೊಬ್ಬರು ತಮ್ಮ ಹಾನಿಯೆಂದೇ ತಿಳಿಯಬೇಕು ಅಂದ. ಇಂಥದ್ದನ್ನು ಹೇಳುವ ಕಲ್ಲು ಎಂದು ಇತಿಹಾಸದ ಪುಸ್ತಕಗಳೆಲ್ಲ ಅದನ್ನು ಹೊಗಳುತ್ತವೆ. ಅದು ಸರಿ. ಮೇಷ್ಟ್ರ ಕಣ್ಣು ಹೋದದ್ದು ಅದರ ಲೆಕ್ಕಪತ್ರದ ಕಡೆಗೆ.

ಜೈನರ ಒಂದೊಂದು ಮನೆಯಿಂದ ವರ್ಷಕ್ಕೆ ಒಂದೊಂದು ಹಣ, ಅಂದರೆ ಆಗಿನ ನಾಣ್ಯ. ಎತ್ತುವವರು ಯಾರು? ತಿರುಮಲೆಯ ತಾತಯ್ಯ. ಖರ್ಚು ಯಾವುದಕ್ಕೆ? ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳು. ಉಳಿದರೆ? ಜೀರ್ಣವಾದ ಜಿನಾಲಯಗಳಿಗೆ ಸುಣ್ಣ. ಎಷ್ಟು ಕಾಲ? ಸೂರ್ಯ ಚಂದ್ರರಿರುವವರೆಗೆ. ಮುರಿದವನಿಗೆ? ಅವನು ರಾಜದ್ರೋಹಿ, ಸಂಘದ್ರೋಹಿ, ಮೇಲೆ ಗಂಗೆಯ ದಡದಲ್ಲಿ ಹತ್ಯೆ ಮಾಡಿದ ಪಾಪ. ಅದು ಎರಡೂ ಕಡೆಗೂ ಅನ್ವಯ. ಬೆಲೆ, ವಸೂಲಿ, ವೆಚ್ಚ, ಉಳಿತಾಯ, ಶಿಕ್ಷೆ, ಎಲ್ಲ ಒಂದೇ ಕಲ್ಲಿನ ಮೇಲೆ, ಕನ್ನಡದಲ್ಲಿ, ನಾಲ್ಕು ಜನ ಓಡಾಡುವ ಕಡೆ. ‘ನಿಮ್ಮ ಅನುಭವ ಉತ್ತಮಪಡಿಸಲು’ ಎಂಬ ಮಾತು ಎಲ್ಲೂ ಇಲ್ಲ.

ಅದರ ಕೊನೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಅದನ್ನು ನವೀಕರಿಸಬೇಕಾಗಿ ಬಂದಾಗ ಬುಸುವಿಸೆಟ್ಟಿ ಎಂಬವನು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಕೊಂಡು ಆ ಕೆಲಸ ಮಾಡಿಸಿದ. ಎರಡೂ ಮತದವರು ಕೂಡಿ ಅವನಿಗೆ ಸಂಘನಾಯಕನ ಪಟ್ಟ ಕಟ್ಟಿದರು. ಷರತ್ತನ್ನು ಪರಿಷ್ಕರಿಸಿದವನಿಗೆ ಎರಡೂ ಕಡೆಯವರು ಸೇರಿ ಸನ್ಮಾನ ಮಾಡಿದ್ದಾರೆ ಎಂದರೆ, ಆ ಪರಿಷ್ಕರಣೆ ಹೇಗಿದ್ದಿರಬೇಕು! ಇವತ್ತಿನ ಯಾವ ಕಂಪನಿಯ ವಕೀಲರಿಗೆ ನಾವು ಶಾಲು ಹೊದಿಸಿದ್ದೇವೆ ಹೇಳಿ.

ಬುಕ್ಕ ಕೆತ್ತಿಸಿದ್ದು ಕಲ್ಲಿನಲ್ಲಿ, ತಿದ್ದೋದು ಕಷ್ಟ, ಅದಕ್ಕೇ ಯೋಚನೆ ಮಾಡಿ ಬರೆದರು ಅಂತ ನಾನು ವಾದ ಹೂಡಿದೆ. ಮೇಷ್ಟ್ರು ಒಪ್ಪಲಿಲ್ಲ. ಅವರ ತಲೆಯಲ್ಲಿ ಬೇರೆ ಹುಳ ಹೊಕ್ಕಿತ್ತು: ಬುಕ್ಕನ ಕಾಲದಲ್ಲಿ ತಾತಯ್ಯ ಇದ್ದ, ಈ ಕಂಪನಿಯ ತಾತಯ್ಯ ಯಾರು?

ಹುಡುಕಿದರೆ ಇದ್ದಾನೆ, ಸ್ವಾಮಿ! ಇದೇ ನಾನು ಇಷ್ಟು ಹೊತ್ತು ಹರಟಿ ಹೇಳಬೇಕೆಂದಿದ್ದ ಸಂಗತಿ. ಕೇಂದ್ರ ಸರ್ಕಾರದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ನಮ್ಮ ಬರಹ, ಫೋಟೋ, ಸಂದೇಶಗಳನ್ನು ಇಟ್ಟುಕೊಳ್ಳುವ, ದಾಟಿಸುವ ಇಂಥ ಪ್ರತಿ ಕಂಪನಿಯೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವನ ಹೆಸರು, ವಿಳಾಸಗಳನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ದೂರು ತಲುಪಿದ 24 ಗಂಟೆಯೊಳಗೆ ‘ಬಂತು’ ಅನ್ನಬೇಕು, 7 ದಿನದೊಳಗೆ ಇತ್ಯರ್ಥ ಮಾಡಬೇಕು. ದೊಡ್ಡ ಸೋಶಿಯಲ್ ಮೀಡಿಯಾ ಕಂಪನಿಯಾದರೆ ಆ ಅಧಿಕಾರಿ ಭಾರತದಲ್ಲೇ ವಾಸವಿರಬೇಕು. ಅವನ ಉತ್ತರ ಹಿಡಿಸದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಲು ಸರ್ಕಾರವೇ 2023ರಲ್ಲಿ ಸಮಿತಿಗಳನ್ನು ಮಾಡಿದೆ. ಷರತ್ತಿನ ಮೇಲುಗಳ ಕಾಟಕ್ಕೂ ಅರ್ಧ ಕಾರಣ ಇದೇ ನಿಯಮ: ಕಾಲಕಾಲಕ್ಕೆ ಷರತ್ತು ಮತ್ತು ಬದಲಾವಣೆಗಳನ್ನು ಬಳಕೆದಾರರಿಗೆ ತಿಳಿಸಲೇಬೇಕು ಅಂತ ಅದರಲ್ಲಿದೆ. ತಿಳಿಸಿ ಅಂತ ಹೇಳಿದರು, ತಿಳಿಯುವ ಹಾಗೆ ತಿಳಿಸಿ ಅಂತ ಹೇಳಲು 2022ರ ಅಕ್ಟೋಬರ್ ಆಯಿತು. ಆಗಿನ ತಿದ್ದುಪಡಿಯಲ್ಲಿ, ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಬಳಕೆದಾರ ಬಯಸಿದ್ದರಲ್ಲಿ ಷರತ್ತು ಓದಲು ಸಿಗಬೇಕು ಎಂದು ಸೇರಿಸಿದರು. ಎಂಟನೇ ಪರಿಚ್ಛೇದದಲ್ಲಿ ಕನ್ನಡ ಇದೆ. ಕಂಪನಿಗಳಿಗೆ ಇದು ನೆನಪಿರುವುದು ರಾಜ್ಯೋತ್ಸವದ ಶುಭಾಶಯ ಕಳಿಸುವಾಗ ಮಾತ್ರ.

ಅಧಿಕಾರಿಯ ವಿಳಾಸ ಷರತ್ತುಗಳ ಪುಟದ ಬುಡದಲ್ಲಿ, ಕೊನೆಯಿಂದ ಎರಡನೇ ಸಾಲಿನಲ್ಲಿ ಅವಿತುಕೊಂಡಿತ್ತು. ಮೇಷ್ಟ್ರು ಅದೇ ಪತ್ರವನ್ನು ಅಲ್ಲಿಗೆ ಕಳಿಸಿದರು. ಒಂದು ಸಾಲು ಹೆಚ್ಚಿಗೆ ಸೇರಿಸಿದರು: “ಹದಿಮೂರನೆಯ ಕಲಮಿನಲ್ಲಿ, ನನ್ನ ಮೊಮ್ಮಗನ ಫೋಟೋಗಳನ್ನು ತಮ್ಮ ಯಂತ್ರದ ಕಲಿಕೆಗೆ ಬಳಸುವುದಾಗಿ ಬರೆದಿದ್ದೀರಿ. ಯಂತ್ರಕ್ಕೆ ಕಲಿಸುವುದಾದರೆ ಸಂಬಳಕ್ಕೆ ನಾನೇ ಬರುತ್ತೇನೆ, ಮಗುವನ್ನು ಬಿಡಿ.” ಮಾರನೇ ದಿನ ‘ನಿಮ್ಮ ದೂರು ಸ್ವೀಕರಿಸಿದ್ದೇವೆ’ ಬಂತು. ಗಡುವಿನೊಳಗೆ ಇಂಗ್ಲಿಷಿನಲ್ಲಿ ಉದ್ದದ ಉತ್ತರವೂ ಬಂತು. ಮುಕ್ಕಾಲು ಪಾಲು ಧನ್ಯವಾದ, ನಡುವೆ ಒಂದು ಸಾಲು ತಿರುಳು: ಸೆಟ್ಟಿಂಗ್ಸಿನಲ್ಲಿ ಇಂಥ ಕಡೆ ಒಂದು ಗುಂಡಿ ಇದೆ, ಅದನ್ನು ಆರಿಸಿದರೆ ಫೋಟೋಗಳನ್ನು ಕಲಿಕೆಗೆ ಬಳಸುವುದಿಲ್ಲ. ಆ ಗುಂಡಿ ಇದೆ ಎಂಬ ವಿಷಯ ಮೊದಲ ಮೇಲಿನಲ್ಲಿ ಇರಲಿಲ್ಲ. ನಲವತ್ತು ಚಿಲ್ಲರೆ ಪುಟದಲ್ಲೂ ನಮಗೆ ಸಿಕ್ಕಿರಲಿಲ್ಲ. ಕೇಳಿದ್ದಕ್ಕೆ ಸಿಕ್ಕಿತು.

ಇದನ್ನೆಲ್ಲ ಕೇಳಿಸಿಕೊಂಡ ಮೇಷ್ಟ್ರ ಮನೆಯವರು ಒಳಗಿನಿಂದಲೇ, “ಒಪ್ಪಿಗೆ ಕೊಡೋ ಮುಂಚೆ ಮನೇಲಿ ಒಂದು ಮಾತು ಕೇಳಬಾರದಾ?” ಅಂದರು. ಅವರಿಗೆ ಕಾನೂನಿನ ಬೆಂಬಲವೂ ಇದೆ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಇಂಗ್ಲಿಷ್ ಪಠ್ಯ ಪ್ರಜೆಯನ್ನು ಉದ್ದಕ್ಕೂ ‘ಅವಳು’ ಎಂದೇ ಕರೆಯುತ್ತದೆ. ಅವಳ ಒಪ್ಪಿಗೆಯನ್ನು ಸರಳವಾದ ಮಾತಿನಲ್ಲಿ ಕೇಳಬೇಕು, ಕನ್ನಡದಲ್ಲಿ ಬೇಕೆಂದರೆ ಕನ್ನಡದಲ್ಲಿ ಕೊಡಬೇಕು. ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವ ಹಾಗಿರಬೇಕು. ಕಾಯ್ದೆ ಮುರಿದ ಕಂಪನಿಗೆ, ತಪ್ಪಿಗೆ ತಕ್ಕಂತೆ, 250 ಕೋಟಿಯವರೆಗೂ ದಂಡ ಬೀಳಬಹುದು. ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು; ಮುಖ್ಯ ಭಾಗಗಳ ಜಾರಿಗೆ ಹದಿನೆಂಟು ತಿಂಗಳ ಗಡುವು, ಅಂದರೆ 2027ರ ಮೇ. ಮೇಷ್ಟ್ರ ಮನೆಯವರು ಅಲ್ಲಿಯವರೆಗೆ ಕಾಯಲು ತಯಾರಿಲ್ಲ. ಫೋನಿನ ಪಾಸ್‌ವರ್ಡು ಈಗಾಗಲೇ ಅವರ ಕೈಗೆ ಹೋಗಿದೆ.

ಒಂದು ಎಚ್ಚರಿಕೆ ಮಾತ್ರ ಹೇಳಿಬಿಡುತ್ತೇನೆ. ‘ಷರತ್ತು ಬದಲಾಗಿದೆ, ಇಪ್ಪತ್ನಾಲ್ಕು ಗಂಟೆಯೊಳಗೆ ಈ ಲಿಂಕ್ ಒತ್ತಿ ಒಪ್ಪದಿದ್ದರೆ ಖಾತೆ ಬಂದ್’ ಅಂತ ಬರುವ ಮೇಲುಗಳಿವೆ. ನಿಜವಾದ ಕಂಪನಿಗೆ ಸಾಮಾನ್ಯವಾಗಿ ನಿಮ್ಮ ಒಪ್ಪಿಗೆಯ ಗೊಡವೆಯೇ ಇರುವುದಿಲ್ಲ. ಅಂಗಲಾಚಿ, ಹೆದರಿಸಿ, ಒಪ್ಪಿಗೆ ಕೇಳುವವನು ಬಹುಮಟ್ಟಿಗೆ ಕಳ್ಳ. ಆ ಲಿಂಕ್ ಮುಟ್ಟಬೇಡಿ. ದುಡ್ಡು ಹೋದದ್ದು ಗೊತ್ತಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಇನ್ನು ನಿಜವಾದ ಮೇಲ್ ಬಂದರೆ ಅಳಿಸುವ ಮುಂಚೆ ಜಾರಿಯಾಗುವ ತಾರೀಖು ನೋಡಿ, ಹೊಸದಾಗಿ ಏನು ಸೇರಿಸಿದ್ದಾರೆ ನೋಡಿ, ಪುಟದ ಬುಡಕ್ಕೆ ಇಳಿದು ಕುಂದುಕೊರತೆ ಅಧಿಕಾರಿಯ ವಿಳಾಸ ಹುಡುಕಿ. ಏನು ಬದಲಾಯಿತು, ಯಾಕೆ ಬದಲಾಯಿತು, ಬೇಡವೆಂದರೆ ಏನು ಮಾಡಬೇಕು ಅಂತ ಎರಡು ಸಾಲು ಬರೆದು ಕಳಿಸಿ. ಕನ್ನಡದಲ್ಲೇ ಬರೆಯಿರಿ. ಅರ್ಥ ಮಾಡಿಸಿಕೊಳ್ಳುವ ಖರ್ಚು ಅವರದು.